ಚಿನ್ನದ ಕರಡಿಗೆ, ಶಾಲಿನ ಮಡಿಕೆ

“ಕರಡಿಗೆ ಎಲ್ಲೈತೆ?”

ಒಳಕೋಣೆಯಿಂದ ಮಹಾದೇವಮ್ಮ ಕೂಗಿದ್ದೇ ತಡ, ಅಂಗಳದಲ್ಲಿ ಅಳು ನಿಂತು ಗದ್ದಲ ಎದ್ದಿತು.

ಆಕೆಯ ಗಂಡ, ಹೊಳಲ್ಕೆರೆಯ ವರ್ತಕ ಮುರುಗಪ್ಪ, ಹಿಂದಿನ ಸಂಜೆ ಲಿಂಗೈಕ್ಯನಾಗಿದ್ದ. ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಬಿಳಿ ಶಾಲು ಹೊದಿಸಿದ್ದರು. ಇಷ್ಟಲಿಂಗ ಅಂಗೈಯಲ್ಲಿತ್ತು. ಲಿಂಗ ಇಡುವ ಚಿನ್ನದ ಕರಡಿಗೆ ಎದೆಯ ಮೇಲೆ ತೂಗುತ್ತಿತ್ತು. ಮಣ್ಣಿಗಿಡುವ ಮುಂಚೆ ಅದನ್ನು ಮಠಕ್ಕೆ ಒಪ್ಪಿಸಿರೆಂದು ಮುರುಗಪ್ಪ ಬಾಯಿಬಿಟ್ಟು ಹೇಳಿದ್ದ. ಈಗ ಎದೆ ಬರಿದಾಗಿತ್ತು.

ಕೋಣೆಯಿಂದ ಕೊನೆಗೆ ಹೊರಬಂದವನು ಪಟ ತೆಗೆಯುವ ಖಲೀಲುಲ್ಲಾ. ಹೆಗಲಿಗೆ ಕ್ಯಾಮೆರಾ, ಕಂಕುಳಲ್ಲಿ ಕಪ್ಪು ಬಟ್ಟೆ ಸುತ್ತಿದ ಪೆಟ್ಟಿಗೆ. ಸಾವಿನ ಮನೆಯಲ್ಲಿ ಹೊರಗಿನವನು ಒಬ್ಬನೇ ಇದ್ದರೆ ಅನುಮಾನಕ್ಕೆ ಬಹಳ ದೂರ ಹೋಗುವ ಕಷ್ಟವಿಲ್ಲ. ಅವನ ಜೇಬು ತಡಕಿದರು, ಚೀಲ ಕೊಡವಿದರು, ಹೆಸರಿಗೆಂಬಂತೆ ಮನೆಯವರ ಮೈಯನ್ನೂ ತಡಕಿದರು. ಏನೂ ಸಿಗಲಿಲ್ಲ. ಆದರೂ ಮುರುಗಪ್ಪನ ತಮ್ಮ ನಾಗರಾಜಪ್ಪ ಅವನ ಕತ್ತಿನ ಪಟ್ಟಿ ಹಿಡಿದು ಕಣಜದ ಕೋಣೆಗೆ ನೂಕಿ ಬೀಗ ಜಡಿದ.

ಕಿಟಕಿಯಿಲ್ಲದ ಕೋಣೆ. ರಾಗಿಯ ಧೂಳು, ಒಣಬೇವಿನ ಘಾಟು. ಕತ್ತಲೆಂದರೆ ಖಲೀಲುಲ್ಲಾನ ಕಸುಬಿನ ಅರ್ಧ. ಅದಕ್ಕೆ ಅವನೆಂದೂ ಅಂಜಿದವನಲ್ಲ. ಇವತ್ತು ಅಂಜಿದ. ಹೊರಗೆ ಜನ ತನ್ನ ಹೆಸರು ಹಿಡಿದು ಬೈಯುವುದು ಕೇಳುತ್ತಿತ್ತು. ದುರ್ಗದ ಜೈಲು ಕಣ್ಣ ಮುಂದೆ ಬಂತು. ಮನೆಯಲ್ಲಿ ದಾರಿ ಕಾಯುತ್ತಿರುವ ಹೆಂಡತಿ ಜೈಬುನ್ನೀಸಾ ನೆನಪಾದಳು. ಹೆಣದ ಮೈಮೇಲಿನ ಒಡವೆ ಕದ್ದವನೆನಿಸಿಕೊಂಡ ಮೇಲೆ ಇನ್ನು ಯಾವ ಮನೆಯವರು ಅವನನ್ನು ಪಟಕ್ಕೆ ಕರೆದಾರು? ಬಾಗಿಲನ್ನು ಬಡಿದ. ಯಾರೂ ತೆಗೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಬೀಗ ಸದ್ದು ಮಾಡಿತು. ಠಾಣೆಯ ದಫೇದಾರ ಕಾಟಲಿಂಗಪ್ಪ ಬಂದಿದ್ದ. ಅವನ ಹಿಂದೆ ನಾಗರಾಜಪ್ಪ, ಮುರುಗಪ್ಪನ ಅಳಿಯ ಪರಮೇಶ್ವರಪ್ಪ.

“ಆ ಪೆಟ್ಟಿಗೆ ಬಿಚ್ಚಲೇ!” ನಾಗರಾಜಪ್ಪ ಗುಡುಗಿದ. “ಕರಡಿಗೆ ಅದ್ರಾಗೇ ಐತೆ!”

ಖಲೀಲುಲ್ಲಾ ಪೆಟ್ಟಿಗೆಯನ್ನು ಎದೆಗವಚಿಕೊಂಡ. “ಬ್ಯಾಡ್ರಿ! ಒಳಗಿರೋದು ಗಾಜಿನ ಪ್ಲೇಟು. ಬೆಳಕು ತಾಗಿದ್ರೆ ಪಟ ಸತ್ತೋಗ್ತದೆ. ನನ್ನ ಕಡೆ ಸಾಕ್ಷಿ ಅಂತ ಇರೋದು ಅದೊಂದೇ.”

“ತೊಳೀಲಿ ಬಿಡ್ರಿ, ಚಿಕ್ಕಮಾವಾರೆ,” ಪರಮೇಶ್ವರಪ್ಪ ಮೆತ್ತಗೆ ಅಂದ. “ಪಟದಾಗೆ ಕರಡಿಗೆ ಕಂಡ್ರೆ, ಪಟ ಮುಗಿಯೋ ತನ್ಕ ಅದು ಅಲ್ಲೇ ಇತ್ತು ಅಂತಾತು. ಆಮೇಲೆ ಒಳಗಿದ್ದೋನು ಯಾರು? ಇವನೊಬ್ನೇ ಅಲ್ವಾ?”

ಕಾಟಲಿಂಗಪ್ಪ ಅಳಿಯನನ್ನು ಒಂದು ಗಳಿಗೆ ನೋಡಿದ. “ಆಗ್ಲಿ. ತೊಳೀರಿ ಸಾಬ್ರೆ. ನಾನೂ ಒಳಗೇ ಕುಂತಿರ್ತೀನಿ.”

ಬಾಗಿಲು ಮತ್ತೆ ಮುಚ್ಚಿತು. ಕೆಂಪು ಗಾಜಿನ ಲಾಟೀನು ಹೊತ್ತಿತು. ಖಲೀಲುಲ್ಲಾ ತಟ್ಟೆಯ ದ್ರಾವಣದಲ್ಲಿ ಪ್ಲೇಟನ್ನು ಅಲುಗಿಸುತ್ತಿದ್ದರೆ, ದಫೇದಾರ ರಾಗಿಮೂಟೆಯ ಮೇಲೆ ಕುಳಿತು ಕೇಳುತ್ತಾ ಹೋದ.

“ಒಂದು ಪಟಕ್ಕೆ ಅಷ್ಟೊತ್ತು ಯಾಕೆ?”

“ಕೋಣೆ ಕತ್ಲು, ದಫೇದಾರ್ರೆ. ಇದೂ ಅಡಿಗೆ ಇದ್ದಂಗೇ. ಉರಿ ಜೋರಿದ್ರೆ ಬೇಗ ಬೇಯ್ತದೆ, ಸಣ್ಣಗಿದ್ರೆ ಹೊತ್ತು ಹಿಡೀತದೆ. ಬೆಳಕು ಕಮ್ಮಿ ಬಿದ್ರೆ ಪಟ ಹಸಿ ಹಸಿ, ಕರ್ರಗೆ. ಜಾಸ್ತಿ ಬಿದ್ರೆ ಎಲ್ಲಾ ಸುಣ್ಣದಂಗೆ ಬೆಳ್ಳಗೆ.”

“ಬೆಳಕು ಹೋಗೋ ತೂತು ದೊಡ್ದು ಮಾಡಾಕೆ ಬರಲ್ವಾ?”

“ಬರ್ತದೆ. ಆದ್ರೆ ಮುಖ ಚೆಂದ ಬಂದ್ರೆ ಮುಂದಿನ ಕೈ ಮಬ್ಬಾಗ್ತದೆ. ಮುಖಾನೂ ಕೈಯಾಗಿನ ಲಿಂಗಾನೂ ಕಾಣ್ಬೇಕು ಅಂದ್ರು ಅವ್ವಾರು. ಅದ್ಕೇ ತೂತು ಸಣ್ಣ ಮಾಡಿ, ಹೊತ್ತು ಹೆಚ್ಚಿಟ್ಟೆ. ಯಜಮಾನ್ರು ಇನ್ನು ಅಲ್ಲಾಡೋರಲ್ವಲ್ಲ.”

“ಆ ಹೊತ್ತೆಲ್ಲ ನೀವೆಲ್ಲಿದ್ರಿ?”

“ಮಾಳಿಗೆ ಮ್ಯಾಲೆ. ಕ್ಯಾಮೆರಾ ಕಣ್ಣಿಗೆ ಮುಚ್ಚೋ ಟೋಪಿ ತೆಗೆದಿಟ್ಟು ಹತ್ತಿದೆ. ಕನ್ನಡಿ ಹಿಡಿದು ಗವಾಕ್ಷಿಯಿಂದ ಒಳಗೆ ಬಿಸಿಲು ಬಿಡ್ತಿದ್ದೆ. ಗಟ್ಟಿಯಾಗಿ ಎಣಿಸ್ತಿದ್ದೆ, ಎಲ್ರೂ ಕೇಳವ್ರೆ.”

“ಮನೆಯೋರು?”

“ಅಂಗಳದಾಗೆ, ಗೋಡೆ ಕಡೆ ಮುಖ ಮಾಡಿ. ಟೋಪಿ ತೆಗೆದ ಕ್ಯಾಮೆರಾ ಮುಂದೆ ಸುಳಿದ್ರೆ ಆಯಸ್ಸು ಹೋಗ್ತದೆ ಅಂತ ಭಯ ಅವ್ರಿಗೆ.”

“ಇಳಿದು ಬಂದಾಗ ಕರಡಿಗೆ ಇತ್ತಾ?”

ಖಲೀಲುಲ್ಲಾನ ಕೈ ನಿಂತಿತು. “ನೋಡ್ಲಿಲ್ಲ. ಬಿಸಿಲಿಂದ ಬಂದ ಕಣ್ಣಿಗೆ ಏನೂ ಕಾಣ್ಲಿಲ್ಲ. ತಡಕಾಡಿ ಟೋಪಿ ಮುಚ್ಚಿದೆ.”

ನಿಜವೇ ಆದರೂ ಹೇಳುವಾಗ ಅವನಿಗೇ ಅದು ಸುಳ್ಳಿನಂತೆ ಕೇಳಿಸಿತು.

ಬಯಲುಸೀಮೆಯ ಬಿಸಿಗಾಳಿಗೆ ಪ್ಲೇಟು ಬೇಗ ಒಣಗಿತು. ಅದಕ್ಕೆ ಕಾಗದ ಒತ್ತಿ ಬಿಸಿಲಿಗಿಟ್ಟ. ಮೆಲ್ಲಗೆ ಮುರುಗಪ್ಪ ಮೂಡಿದ—ಮುಖ, ವಿಭೂತಿ, ಅಂಗೈಯ ಲಿಂಗ. ಎದೆಯ ಮೇಲೆ ಕರಡಿಗೆ.

ಖಲೀಲುಲ್ಲಾ ಎರಡು ಹೆಜ್ಜೆ ಹಿಂದೆ ಸರಿದ. ತಾನು ಕಾಪಾಡಿದ ಸಾಕ್ಷಿಯೇ ತನ್ನ ಕೊರಳಿಗೆ ಉರುಲಾಯಿತಲ್ಲ!

“ಇನ್ನೇನು ನೋಡ್ತೀರಿ?” ನಾಗರಾಜಪ್ಪ ಹಗ್ಗ ತಂದು ಅವನ ಕೈಕಟ್ಟಿದ. ದಫೇದಾರ ಮಾತ್ರ ಪಟದಿಂದ ಕಣ್ಣು ತೆಗೆಯಲಿಲ್ಲ.

“ಸಾಬ್ರೆ, ಚಿನ್ನ ಗಾಜಿನಂಗೆ ಈ ಕಡೆಯಿಂದ ಆ ಕಡೆ ಕಾಣ್ತದಾ?”

“ಇಲ್ಲ...”

“ಮತ್ತೆ ಹಿಂದಿರೋ ಶಾಲಿನ ಮಡಿಕೆ ಕರಡಿಗೆ ಒಳಗಿಂದ ಹೆಂಗೆ ಕಾಣ್ತೈತೆ?”

ಖಲೀಲುಲ್ಲಾ ಬಗ್ಗಿ ನೋಡಿದ. ಹೌದು—ಕರಡಿಗೆ ತೆಳ್ಳಗೆ, ಹೊಗೆಯಂತೆ. ಅದರೊಳಗೆ ಶಾಲಿನ ಮಡಿಕೆ ಸ್ಪಷ್ಟ. ಗಾಬರಿಯಲ್ಲಿ ಅವನು ಬರೀ ಆಕಾರ ಕಂಡಿದ್ದ.

“ಅರ್ಧ ಹೊತ್ತು ಕರಡಿಗೆ ಇತ್ತು!” ಎಂದು ಕೂಗಿದ. “ಉಳಿದರ್ಧ ಬರೀ ಶಾಲು! ಎರಡೂ ಒಂದ್ರ ಮೇಲೊಂದು ಬಿದ್ದವೆ. ಪಟ ಬೀಳ್ತಿರೋವಾಗ್ಲೇ ಯಾರೋ ತೆಗೆದವ್ರೆ!”

“ಹಂಗಾರೆ ತೆಗೆದೋನು ಪಟದಾಗೆ ಯಾಕೆ ಬಿದ್ದಿಲ್ಲ?” ನಾಗರಾಜಪ್ಪ ಕೇಳಿದ.

“ಹೊತ್ತು ಹೆಚ್ಚಿಟ್ಟಾಗ ಸರಕ್ಕನೆ ಬಂದು ಹೋದೋರ ಗುರುತು ಪ್ಲೇಟಿಗೆ ಹತ್ತಲ್ಲ. ಚಂದ್ರವಳ್ಳಿ ಗವಿ ಪಟ ತೆಗೆದಾಗ್ಲೂ ಹಂಗೇ ಆತು. ಜನ ಅಡ್ಡ ಓಡಾಡಿದ್ರು. ಪಟದಾಗೆ ಬರೀ ಕಲ್ಲು.”

“ಆವತ್ತು ನಿಮ್ಜತೆ ಯಾರಿದ್ರು?” ದಫೇದಾರ ಕೇಳಿದ.

ಪಟದ ವಿದ್ಯೆ ಕಲಿಸಿ ಎಂದು ದುಂಬಾಲು ಬಿದ್ದು, ಗವಿಯವರೆಗೂ ಕ್ಯಾಮೆರಾ ಹೊತ್ತು ಬಂದಿದ್ದವನ ಕಡೆ ಖಲೀಲುಲ್ಲಾನ ಕಣ್ಣು ತಾನಾಗಿ ಹೊರಳಿತು.

“ಪರಮೇಶ್ವರಪ್ನೋರೆ,” ದಫೇದಾರ ಅಂದ. “ಈ ಮನೆಯಾಗೆ ಎಲ್ರಿಗೂ ಆ ಕ್ಯಾಮೆರಾ ಕಣ್ಣಂದ್ರೆ ಭಯ. ಟೋಪಿ ತೆಗೆದ ಮೇಲೆ ಅದ್ರ ಮುಂದೆ ನಡೆಯೋ ಧೈರ್ಯ, ನಡೆದ್ರೂ ಪಟದಾಗೆ ಬೀಳಲ್ಲ ಅಂತ ಗೊತ್ತಿದ್ದೋನಿಗೆ ಮಾತ್ರ. ಕದ್ದಾಗ ಸಾಬ್ರು ಮಾಳಿಗೆ ಮ್ಯಾಲೆ ಎಣಿಸ್ತಿದ್ರು. ಪಟ ತೊಳೀಲಿ, ಕರಡಿಗೆ ಕಂಡ್ರೆ ಸಾಬ್ರೇ ಕಳ್ಳ ಅಂತ ಮುಂಚೇನೇ ಹೇಳಿದ್ರಿ. ಕಂಡ್ತು. ನೀವು ಕಲ್ತಿದ್ದು ಅರ್ಧ. ಅಲ್ಲಾಡೋರು ಬೀಳಲ್ಲ ಅನ್ನೋದು ಕಲ್ತ್ರಿ. ಇಲ್ದಂಗಾದ ವಸ್ತು ತೆಳ್ಳಗೆ ಬೀಳ್ತದೆ ಅನ್ನೋದು ಕಲೀಲಿಲ್ಲ.”

“ಎಲ್ರ ಮುಂದೆ ನನ್ನ ಮೈ ತಡಕಿ ಆಗೈತೆ!” ಪರಮೇಶ್ವರಪ್ಪನ ದನಿ ಏರಿತು. “ಸಿಕ್ತಾ?”

ಮಹಾದೇವಮ್ಮ ಎದ್ದು ಬಂದಳು. ಅಳಿಯನ ಕೊರಳಲ್ಲಿ ಲಿಂಗವಸ್ತ್ರದ ಗಂಟು ತೂಗುತ್ತಿತ್ತು. ತಡಕಿದವರೆಲ್ಲ ಕೈ ಬಿಟ್ಟಿದ್ದು ಅದೊಂದನ್ನೇ. ಒಬ್ಬರ ಕೊರಳ ಲಿಂಗವನ್ನು ಇನ್ನೊಬ್ಬರು ಮುಟ್ಟುವುದುಂಟೆ?

“ಯಾರೂ ಮುಟ್ಟಬ್ಯಾಡ್ರಿ,” ಅಂದಳು. “ಗಂಟು ನೀವೇ ಬಿಚ್ರಿ. ಲಿಂಗ ಅಂಗೈಯಾಗಿಟ್ಟು, ನಿಮ್ಮ ಮಾವನ ಮುಂದೆ ಆಣೆ ಮಾಡ್ರಿ. ಮಾಡಿದ್ರೆ ನಾನೇ ನಿಮ್ಮ ಕಾಲು ಹಿಡೀತೀನಿ.”

ಪರಮೇಶ್ವರಪ್ಪ ಗಂಟಿಗೆ ಕೈ ಹಚ್ಚಿದ. ಬೆರಳು ಆಡಲಿಲ್ಲ. ಸುತ್ತ ನೋಡಿದ, ಬಾಗಿಲ ತುಂಬಾ ಜನ. ಕೊನೆಗೆ ಕುಸಿದು ಕೂತು, ಗಂಟನ್ನು ಹಾಗೇ ಆಕೆ ಒಡ್ಡಿದ ಸೆರಗಿಗೆ ಹಾಕಿದ. ಒಳಗೆ ಅವನ ಬೆಳ್ಳಿ ಕರಡಿಗೆಯ ಜೊತೆ ಮಾವನ ಚಿನ್ನದ ಕರಡಿಗೆಯೂ ಇತ್ತು.

ನಾಗರಾಜಪ್ಪ ತಲೆ ತಗ್ಗಿಸಿ ಖಲೀಲುಲ್ಲಾನ ಹಗ್ಗ ಬಿಚ್ಚಿದ.

“ಆ ಪಟ ನಂಗೆ ಬ್ಯಾಡ,” ಮಹಾದೇವಮ್ಮ ಅಂದಳು. “ಇನ್ನೊಂದು ತೆಗೀರಿ, ಸಾಬ್ರೆ. ಈ ಸಲ ನಾನೂ ಪಕ್ಕದಾಗೆ ಕುಂತ್ಕಂತೀನಿ. ಆಯಸ್ಸು ಹೋದ್ರೆ ಹೋಗ್ಲಿ.”

ತೆಗೆದ. ಆದರೆ ಪ್ಲೇಟು ತೊಳೆಯಲು ಕಣಜದ ಹೊಸಿಲಿಗೆ ಬಂದಾಗ ಕಾಲೇ ಮುಂದೆ ಹೋಗಲಿಲ್ಲ.

“ಬೀಗದಕೈ ನನ್ನ ಕೈಗೆ ಕೊಡ್ರಿ,” ಅಂದ. “ಆಮೇಲೆ ಒಳಗೆ ಹೋಗ್ತೀನಿ.”

ನಾಗರಾಜಪ್ಪ ಸೊಂಟದಿಂದ ಬಿಚ್ಚಿ ಕೊಟ್ಟ.

ಪಟದಲ್ಲಿ ಮುರುಗಪ್ಪ ಕೆತ್ತಿದಂತೆ ಬಂದಿದ್ದ. ಪಕ್ಕದಲ್ಲಿ ಬಿಕ್ಕುತ್ತಾ ಕುಳಿತಿದ್ದ ಮಹಾದೇವಮ್ಮ ಮಾತ್ರ ಮಬ್ಬು ಮಬ್ಬು. ಖಲೀಲುಲ್ಲಾ ಸಂಕೋಚದಿಂದ ಕೈಗಿಟ್ಟ. “ನೀವು ಅಲ್ಲಾಡಿಬಿಟ್ರಿ, ಅವ್ವಾರೆ. ಕೆಟ್ಟೋಗೈತೆ.”

ಆಕೆ ಪಟವನ್ನು ಬೆಳಕಿಗೆ ಹಿಡಿದಳು.

“ಕೆಟ್ಟಿಲ್ಲ ಬಿಡ್ರಿ,” ಅಂದಳು. “ನಾನು ಅತ್ತಿದ್ದೂ ಬಿದ್ದೈತೆ.”