ಎಡಕ್ಕೆ ಸರಿದ ಗುಂಡು

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಮ್ಮಾರಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಕೈಕೋವಿಗಳಿಗೆ ಕಿವಿ ಕೇಳಿಸುತ್ತಿತ್ತು. ಹೊಸ ಕೋವಿ ಬಂದರೆ ಅರಮನೆಯ ಪರೀಕ್ಷಕ ಮೂರು ಗುಂಡು ಹಾರಿಸಿ, ತನಗೆ ಅನ್ನಿಸಿದ್ದನ್ನು ಅದರೆದುರೇ ಹೇಳಬೇಕು. ಅವನು ಹೇಳಿದ ಹಾಗೇ ಕೋವಿ ಆಗಿಬಿಡುತ್ತಿತ್ತು. ಸುಳ್ಳಾಡಿದ ಪರೀಕ್ಷಕ ಮತ್ತೆಂದೂ ಕೋವಿ ಮುಟ್ಟುವಂತಿರಲಿಲ್ಲ.

ಇಪ್ಪತ್ತು ವರ್ಷದಿಂದ ದುಂಡಯ್ಯನೇ ಪರೀಕ್ಷಕ. ಒಂದು ದಿನ, ಅವನ ಜೊತೆಯಲ್ಲೇ ಕೋವಿ ಕೆಲಸ ಕಲಿತ ಸಿರಿಯವ್ವ ಪುಟ್ಟದೊಂದು ಕೈಕೋವಿ ತಂದಳು. ಗುರಿ ನೋಡಲು ನಳಿಗೆಯ ತುದಿಗೆ ಮಿಂಚುಹುಳದ ಬೆಳಕಿನ ಮಣಿ ಕೂರಿಸಿದ್ದಳು. ದುಂಡಯ್ಯ ಮೂರು ಗುಂಡು ಹಾರಿಸಿ, ದೂರದ ಹಲಗೆಯನ್ನು ತಾನೊಬ್ಬನೇ ಹೋಗಿ ನೋಡಿದ. ಮೂರೂ ಒಂದೇ ತೂತಿನಲ್ಲಿ ಹೋಗಿದ್ದವು. ಇಂಥದೊಂದು ತನ್ನ ಕೈಯಲ್ಲಿ ಯಾಕೆ ಹುಟ್ಟಲಿಲ್ಲ ಅಂತ ಅವನ ಹೊಟ್ಟೆ ಧಗಧಗ ಉರಿಯಿತು. ಹೊಟ್ಟೆಕಿಚ್ಚು ಬಂದವನ ನಾಲಿಗೆ ನೆಟ್ಟಗಿರುತ್ತದೆಯೇ ಹೇಳಿ.

"ಮಣಿ ಒಂದು ರಾಗಿಕಾಳಿನಷ್ಟು ಸೊಟ್ಟಗಿದೆ, ಗುಂಡು ಎಡಕ್ಕೆ ಸರಿಯುತ್ತದೆ ಮಹಾಸ್ವಾಮಿ" ಎಂದ ರಾಜನಿಗೆ. "ಹಿಡಿಯೂ ಜಾರುತ್ತದೆ."

ಸಿರಿಯವ್ವನ ಮುಖ ಬಾಡಿತು. "ನೀನು ಹೇಳಿದ ಮೇಲೆ ಮುಗೀತು ದುಂಡಣ್ಣ. ನೀನೇ ತಿದ್ದಿಕೊಡು" ಅಂದಳು. ಅವಳು ಇಷ್ಟು ನಂಬಿದ್ದು ಅವನನ್ನು ಇನ್ನೂ ಉರಿಸಿತು.

ಅಷ್ಟರಲ್ಲಿ ತಾಮ್ರದ ರೆಕ್ಕೆಯ ಹದ್ದಿನ ಮೇಲೆ ಮಸಿಮುಖನೆಂಬ ಮಾಂತ್ರಿಕ ಕೋಟೆಯಂಗಳಕ್ಕೆ ಇಳಿದ. ಓಡಿಬಂದ ಕಾವಲಿನವರೆಲ್ಲ ಅವನ ಒಂದು ನೋಟಕ್ಕೆ ಕಲ್ಲಾದರು. ಅವನು ಸಿರಿಯವ್ವನನ್ನು ಅಂಗಳದ ಆ ತುದಿಗೆ ಎಳೆದೊಯ್ದು, ಹದ್ದಿನ ಮೇಲೆ ತನ್ನ ಪಕ್ಕ ಕೂರಿಸಿಕೊಂಡ. "ಇಂಥ ಕೈಗಳು ಇನ್ನು ನನಗೇ ದುಡಿಯಲಿ" ಎಂದ. ಅವನ ಪ್ರಾಣ ಹಣೆಯ ಕೆಂಪು ಕಲ್ಲಿನಲ್ಲಿತ್ತು. ಹದ್ದು ಮೂರು ಸಲ ರೆಕ್ಕೆ ಬಡಿದರೆ ನೆಲ ಬಿಡುತ್ತಿತ್ತು.

ತನ್ನ ಕೋವಿಯ ಗುಂಡು ಅಷ್ಟು ದೂರ ಮುಟ್ಟುವುದಿಲ್ಲ ಅಂತ ದುಂಡಯ್ಯನಿಗೇ ಗೊತ್ತಿತ್ತು. ಸಿರಿಯವ್ವನದನ್ನೇ ಎತ್ತಿದ.

ಹದ್ದು ಒಂದು ಸಲ ರೆಕ್ಕೆ ಬಡಿಯಿತು. ಅವನು ಕೆಂಪು ಕಲ್ಲಿಗೇ ಗುರಿಯಿಟ್ಟ. ಗುಂಡು ಎಡಕ್ಕೆ ಸರಿದು ಸಿರಿಯವ್ವನ ಜಡೆ ಕತ್ತರಿಸಿತು.

ಎರಡನೇ ಸಲ ಬಡಿಯಿತು. ಅವನು ಕೊಂಚ ಬಲಕ್ಕೆ ಹಿಡಿದ. ಹಿಡಿ ಜಾರಿ ಗುಂಡು ಆಕಾಶಕ್ಕೆ ಹೋಯಿತು.

ಇನ್ನು ಉಳಿದದ್ದು ಒಂದೇ ಬಡಿತ. ನಿಜ ಹೇಳಿದರೆ ಇಪ್ಪತ್ತು ವರ್ಷದ ಪದವಿ ಹೋಗುತ್ತದೆ. ಹೇಳದಿದ್ದರೆ ಅವಳು ಹೋಗುತ್ತಾಳೆ. ದುಂಡಯ್ಯ ಕೋವಿಯನ್ನು ಬಾಯಿಯ ಹತ್ತಿರ ತಂದು, ರಾಜನಿಗೂ ಕೇಳುವ ಹಾಗೆ ಹೇಳಿದ:

"ನಾನಂದದ್ದು ಸುಳ್ಳು. ನಿನ್ನ ಮಣಿ ನೆಟ್ಟಗಿದೆ. ಇಷ್ಟು ಚಂದದ ಹಿಡಿ ನಾನು ಹುಟ್ಟಿದಾಗಿನಿಂದ ಹಿಡಿದಿಲ್ಲ. ಹೊಟ್ಟೆಕಿಚ್ಚಿಗೆ ಹಾಗಂದೆ."

ಹದ್ದು ಮೂರನೇ ಸಲ ರೆಕ್ಕೆಯೆತ್ತಿತು. ಅದು ಬಡಿಯುವ ಮೊದಲೇ ಕೆಂಪು ಕಲ್ಲು ಪುಡಿಯಾಯಿತು. ಮಾಂತ್ರಿಕನೂ ಹದ್ದೂ ಬೂದಿಯಾದರು. ಕಲ್ಲಾದವರು ಮೈ ಕೊಡವಿ ಎದ್ದರು.

ರಾಜ ದುಂಡಯ್ಯನ ಪದವಿಯನ್ನು ಸಿರಿಯವ್ವನಿಗೆ ಕೊಟ್ಟ. ಅವನು ತಲೆತಗ್ಗಿಸಿ ಹೊರಟಾಗ ಅವಳು ತಡೆದಳು. "ಕೋವಿ ಮುಟ್ಟಬಾರದು ಅಷ್ಟೇ ತಾನೆ ಅಣ್ಣ? ನನ್ನ ಕುಲುಮೆಯಲ್ಲಿ ತಿದಿ ಒತ್ತು ಬಾ" ಎಂದಳು.

ಆಮೇಲೆ ಕಮ್ಮಾರಕೋಟೆಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ದುಂಡಯ್ಯನೂ ಇದ್ದ. ಅವಳ ಹೊಸ ಕೋವಿ ಕುಲುಮೆಯಿಂದ ಬಂದಾಗಲೆಲ್ಲ ಅವನ ಹೊಟ್ಟೆ ಚುರ್ ಅನ್ನುತ್ತಿತ್ತು. ಆದರೂ ಅದರ ಹತ್ತಿರ ಬಾಗಿ, ಅದಕ್ಕೆ ಕೇಳುವ ಹಾಗೆ "ಚೆನ್ನಾಗಿದ್ದೀಯ" ಅನ್ನುತ್ತಿದ್ದ.