ದೇವರ ಟಗರಿನ ಉಣ್ಣೆ

“ಸೂಜಿ ತೆಗೀರಿ! ಯಾರನ್ನ ಕೇಳಿ ಚುಚ್ಚಿದ್ರಿ?”

ರೋಜಾ ಸೂಜಿಯನ್ನು ಹಿಂದಕ್ಕೆ ಎಳೆದಳು. ಟಗರಿನ ಕಿವಿಯಿಂದ ಒಂದೇ ಒಂದು ಹನಿ ರಕ್ತ ಜಾರಿ ಹಿರೇಹಡಗಲಿಯ ಕಪ್ಪು ಮಣ್ಣಿಗೆ ಬಿತ್ತು.

ಕುರಿಗಳ ನಡುವೆ ದಾರಿ ಮಾಡಿಕೊಂಡು ಓಡಿ ಬಂದವನು ಆ ಹನಿಯನ್ನೇ ನೋಡುತ್ತ ನಿಂತುಬಿಟ್ಟ. ಹೆಗಲ ಮೇಲೆ ಕಂಬಳಿ, ಮುಖದಲ್ಲಿ ಬಣ್ಣವೇ ಇಲ್ಲ.

“ಇದು ಮೈಲಾರಲಿಂಗನ ಟಗರು ರೀ... ಇದರ ರಕ್ತ ನೆಲಕ್ಕ ಬೀಳಬಾರದು.”

ರೋಜಾ ಹರಪನಹಳ್ಳಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಈ ನಾಡಿನ ಕುರಿಗಳು ಇಷ್ಟು ಬಿಸಿಲನ್ನು ಹೇಗೆ ತಾಳುತ್ತವೆ, ಅವುಗಳ ರಕ್ತದಲ್ಲಿ ಆ ಗುಣ ಎಲ್ಲಿ ಅಡಗಿದೆ ಎಂದು ಹುಡುಕಲು ಬಂದಿದ್ದಳು. ಹಟ್ಟಿಯ ಹಿರಿಯರನ್ನು ಕೇಳಿಯೇ ಬಂದಿದ್ದಳು. ಆದರೆ ಮುನ್ನೂರು ಕುರಿಗಳಲ್ಲಿ ಒಂದು ಮಾತ್ರ ದೇವರಿಗೆ ಬಿಟ್ಟದ್ದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗುಡಿಯ ಪೂಜಾರಿ ಅಜ್ಜಯ್ಯ ಬಂದು ಟಗರಿನ ಕಿವಿಗೆ ಭಂಡಾರದ ಅರಿಶಿನ ಹಚ್ಚಿದರು. ತಿಳಿಯದೆ ಮಾಡಿದ ತಪ್ಪನ್ನು ದೇವರು ಎಣಿಸುವುದಿಲ್ಲವೆಂದರು. ರೋಜಾಳ ಹಣೆಗೂ ಒಂದು ಚಿಟಿಕೆ ಹಚ್ಚಿದರು.

ಅವನ ಹೆಸರು ಮೈಲಾರೇಶ್. ಅವನ ತಾಯಿ ಜಂಬಕ್ಕ ತೀರಿಕೊಂಡು ಆಗ ಹತ್ತು ತಿಂಗಳು. ಮಗನಿಗೆ ಕಾಯಿಲೆಯಾದಾಗ ಹರಕೆ ಹೊತ್ತು, ಸಂತೆಯಿಂದ ಮರಿಯೊಂದನ್ನು ತಂದು ದೇವರಿಗೆ ಬಿಟ್ಟಿದ್ದಳು. ಅದೇ ಈ ಟಗರು. ಅವನು ಅದರ ಉಣ್ಣೆಯೊಳಗೆ ಕೈ ಇಟ್ಟುಕೊಂಡು ಕೂರುತ್ತಿದ್ದ. ಹೋದವರು ಬಿಟ್ಟುಹೋದ ವಸ್ತುವನ್ನು ಹಾಗೆ ಮುಟ್ಟಿ ಮುಟ್ಟಿ ನೋಡುವುದು ಏನೆಂದು ಕಳೆದುಕೊಂಡವರಿಗೇ ಗೊತ್ತು.

ಮುಂದಿನ ವಾರ ರೋಜಾ ಮತ್ತೆ ಬಂದಳು. ಅದರ ಮುಂದಿನ ವಾರವೂ.

ಕುರಿಗಿಂತ ಮೊದಲು ಏನು ಓದಿದಿರಿ ಎಂದು ಅವನು ಕೇಳಿದಾಗ ಪೆಂಗ್ವಿನ್ ಎಂದಳು. ಹಾರಲಾರದ ಹಿಮದ ಹಕ್ಕಿ, ಎರಡು ವರ್ಷ ಅದನ್ನೇ ಓದಿದ್ದಳು. ಅದರ ಮೈಯ ಗರಿ ಒತ್ತೊತ್ತಾಗಿ, ಗಾಳಿಯೂ ನುಗ್ಗದಂತೆ ಇರುತ್ತದೆ. ಚರ್ಮದ ಕೆಳಗೆ ಕೊಬ್ಬಿನ ಹೊದಿಕೆ. ಅದೇ ಕುಲದ ಕೆಲವು ಹಕ್ಕಿಗಳು ಬಿಸಿಲಿನ ತೀರಗಳಿಗೆ ಹೋಗಿ ನೆಲೆಸಿದವು. ಅವುಗಳ ಮುಖದ ಮೇಲೆ ಗರಿಯಿಲ್ಲದ ಬರಿಯ ಚರ್ಮವಿದೆ. ಒಳಗಿನ ಕಾವು ಅಲ್ಲಿಂದ ಹೊರಗೆ ಹೋಗುತ್ತದೆ.

“ನೀವು ಕಂಡೀರೇನು ಆ ಹಕ್ಕೀನ?”

“ಇಲ್ಲ. ಕಂಪ್ಯೂಟರಿನಾಗ ಅದರ ಜೀನ್ ಓದೀನಿ, ಅಷ್ಟ.”

“ಹಾರಂಗಿಲ್ಲ ಅಂತೀರಿ, ಹಕ್ಕಿ ಅಂತೀರಿ. ಕಂಡೇ ಇಲ್ಲ, ಎರಡು ವರ್ಷ ಓದೀನಿ ಅಂತೀರಿ. ನಮ್ಮ ಕುರೀನ ವಾಸಿ ಬಿಡ್ರಿ, ಎದುರಿಗಾರ ಅದಾವು.”

ಅವಳು ನಕ್ಕಳು. ಅಂದಿನಿಂದ ಹಟ್ಟಿಯಲ್ಲಿ ಅವಳಿಗೆ ಪೆಂಗ್ವಿನ್ ಮೇಡಂ ಎಂದೇ ಹೆಸರಾಯಿತು.

ಒಂದು ದಿನ ಅವನು ಕುರಿಗಳ ಕಡೆ ನೋಡುತ್ತಲೇ ಕೇಳಿದ. “ಪಟ್ಟಣದಾಗ ಬೆಳೆದೋರು ಹಟ್ಟಿಗೆ ಹೊಂದ್ಕೋತಾರೇನ್ರಿ?”

ಕೇಳಿದ್ದು ತನ್ನ ಬಗ್ಗೆಯೇ ಎಂದು ಅವಳಿಗೆ ತಿಳಿಯಿತು. ಆದರೂ ಓದಿದ್ದನ್ನೇ ಹೇಳಿಬಿಟ್ಟಳು. “ಪೆಂಗ್ವಿನ್ ಹೊಂದ್ಕೊಂಡಾವು. ಆದರ ಸಾವಿರಾರು ತಲಿಮಾರು ಬೇಕಾದ್ವು.”

ಅವನ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಕೂತ ಮೇಲೆ ತನ್ನ ಉತ್ತರ ನೆನೆದು ರೋಜಾ ತನ್ನನ್ನೇ ಬೈದುಕೊಂಡಳು. ಹೌದು ಅನ್ನಬಾರದಿತ್ತೇ...

ಏಪ್ರಿಲ್ ಬಂತು. ಮೊದಲ ಸಲದ ರಕ್ತ ಕೆಟ್ಟಿತ್ತು. ಈ ಸಲ ಕೇಳಿಯೇ ತೆಗೆದಳು. ಅಜ್ಜಯ್ಯ ಒಪ್ಪಿದರು, ಮೈಲಾರೇಶನೇ ಕೊಂಬು ಹಿಡಿದ, ಹನಿ ನೆಲಕ್ಕೆ ಬೀಳದಂತೆ ಕೆಳಗೆ ಬಟ್ಟೆ ಹಿಡಿದರು. ಟಗರು ಬಾಯಿ ತೆರೆದು ಏದುತ್ತಿತ್ತು. ಅದರ ಉಣ್ಣೆಯೊಳಗೆ ರೋಜಾ ಬೆರಳಿಟ್ಟಳು. ನಾಲ್ಕು ಬೆರಳು ಮುಳುಗಿದರೂ ಚರ್ಮ ಸಿಗಲಿಲ್ಲ.

ಕತ್ತರಿಸಬಾರದೇ ಎಂದು ಕೇಳಿದಳು. ದೇವರದು, ಕತ್ತರಿ ಮುಟ್ಟಿಸುವಂತಿಲ್ಲ ಎಂದು ಅವನು ಹೇಳಿದ. ಅವಳು ರಕ್ತದ ಸೀಸೆ ಮುಚ್ಚಿ ಹೊರಟಳು.

ಮರುದಿನ ಮಧ್ಯಾಹ್ನ ಕಾಲೇಜಿನ ಗೇಟಿನ ಬಳಿ ಮೈಲಾರೇಶ್ ನಿಂತಿದ್ದ. ಅವನನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ಅವನ ಕೈ ಕಂಡಿತು. ಕೈಯಲ್ಲಿ ಟಗರಿನ ಕೊರಳಗಂಟೆ.

“ಹೋತು ರೀ.”

“ಏನು... ಏನಂದ್ರಿ?”

“ನೀವು ಚುಚ್ಚಿ ಹೋಗಿ ಒಂದು ದಿನ ಆಗಿಲ್ಲ. ಅವ್ವನ್ನ ಒಮ್ಮಿ ಮಣ್ಣು ಮಾಡಿದ್ದೆ. ಇವತ್ತು ಇನ್ನೊಮ್ಮಿ ಮಾಡಿ ಬಂದೀನಿ. ಇನ್ನ ಹಟ್ಟಿ ಕಡಿ ಬರಬ್ಯಾಡ್ರಿ.”

ಅವನು ತಿರುಗಿ ಹೋದ. ರೋಜಾ ಬಿಸಿಲಿನಲ್ಲಿ ಕಲ್ಲಿನಂತೆ ನಿಂತಳು. ಗಂಟೆಯ ಸದ್ದು ಬಸ್ ನಿಲ್ದಾಣದ ಕಡೆಗೆ ದೂರವಾಯಿತು. ‘ನನ್ನ ಸೂಜಿಯೇ ಕೊಂದಿತೇ?’

ಮೂರು ವಾರದ ಮೇಲೆ ಪರೀಕ್ಷೆಯ ವರದಿ ಬಂತು. ಅವಳು ಅದನ್ನು ಎರಡು ಸಲ ಓದಿದಳು.

ಆ ಟಗರು ಅರ್ಧ ಮಾತ್ರ ಇಲ್ಲಿಯದು. ಇನ್ನರ್ಧ ಚಳಿನಾಡಿನ ತಳಿ. ಇಲ್ಲಿಯ ಕುರಿಗೆ ಒರಟು, ತೆಳು ಉಣ್ಣೆ. ಕತ್ತರಿಸದಿದ್ದರೂ ಹೇಗೋ ತಾಳುತ್ತದೆ. ಇದರ ಉಣ್ಣೆಯೋ ಹತ್ತಿಯಂತೆ ಮೆತ್ತಗೆ, ದಟ್ಟ. ಬೆಳೆದೇ ಬೆಳೆಯುತ್ತದೆ. ಹಿಮದ ಹೊದಿಕೆ ಹೊದ್ದು ಅದು ಹಿರೇಹಡಗಲಿಯ ಬಿಸಿಲಿನಲ್ಲಿ ಬೆಂದಿತ್ತು. ಸೂಜಿಯಿಂದ ಸತ್ತದ್ದಲ್ಲ. ಕತ್ತರಿ ಮುಟ್ಟಿಸದ ಭಕ್ತಿಯಿಂದ ಸತ್ತದ್ದು.

ಹೇಳಿಬಿಟ್ಟರೆ ತನ್ನ ಮೇಲಿನ ಅಪವಾದ ಹೋಗುತ್ತದೆ. ಆದರೆ ಅವನು? ಅವ್ವನ ಹರಕೆ, ತನ್ನ ಭಯಭಕ್ತಿ ಎರಡೂ ಕೂಡಿ ಕೊಂದವು ಎಂದು ತಿಳಿದರೆ ಅವನು ಹೇಗೆ ಬದುಕಿಯಾನು?

ಅವಳು ವರದಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದಳು. ನನ್ನನ್ನೇ ದ್ವೇಷಿಸಲಿ ಬಿಡು. ಅವನಿಗೆ ಅದು ಹಗುರ.

ಹಾಗೆಯೇ ಉಳಿಯುತ್ತಿತ್ತೇನೋ. ಆದರೆ ಮೇ ತಿಂಗಳ ಮೊದಲ ವಾರ, ಅವಳ ಜೊತೆ ಕಲಿಸುವ ಹಿರೇಹಡಗಲಿಯ ಶೈಲಾ ಒಂದು ಮಾತು ಹೇಳಿದಳು. ಸತ್ತ ಟಗರಿನ ಮರಿಯನ್ನೇ ಮೈಲಾರೇಶ್ ದೇವರಿಗೆ ಬಿಟ್ಟಿದ್ದಾನೆ. ಅದೂ ಈಗ ಮೇವು ಮುಟ್ಟದೆ ಏದುತ್ತಿದೆಯಂತೆ.

ರೋಜಾ ವರದಿ ತೆಗೆದುಕೊಂಡಳು. ಮೊದಲ ಬಸ್ಸು ಹತ್ತಿದಳು.

ಗುಡಿಯ ಮುಂದಿನ ಬೇವಿನ ಕೆಳಗೆ ಮರಿ ಬಾಯಿ ತೆರೆದು ಮಲಗಿತ್ತು. ಮೈಲಾರೇಶ್ ಅದರ ಮೂತಿಗೆ ನೀರು ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ.

“ಇದನ್ನೂ ಚುಚ್ಚಾಕ ಬಂದ್ರೇನು?”

“ಉಣ್ಣಿ ಕತ್ತರಿಸ್ರಿ. ಈಗಲೇ. ಇಲ್ಲಾಂದ್ರ ಇದೂ ಉಳಿಯಂಗಿಲ್ಲ.”

ಎಲ್ಲವನ್ನೂ ಹೇಳಿದಳು. ಹೇಳುವಾಗ ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಮುಗಿದ ಮೇಲೆ ನೋಡಿದಳು. ಅವನು ನೆಲಕ್ಕೆ ಕುಸಿದು ಕೂತಿದ್ದ.

“ಅಂದ್ರ ನಾನ ಕೊಂದೆ.”

“ಇಲ್ಲ...”

“ಈ ಕಾಗದ ನಿಮಗ ಯಾವಾಗ ಬಂತು?”

“ಹತ್ತು ದಿನ ಆತು.”

“ಮತ್ತ ಯಾಕ ಹೇಳಲಿಲ್ಲ? ಊರೆಲ್ಲ ನಿಮ್ಮನ್ನ ಬೈದೈತಿ. ನಾನೂ ಬೈದೀನಿ.”

ರೋಜಾ ಕಣ್ಣು ಒರೆಸಿಕೊಂಡಳು. “ನೀವು ಹಿಂಗ ಕುಂದ್ರೋದು ನೋಡಬಾರದು ಅಂತ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಜ್ಜಯ್ಯ ಒಳಗೆ ಹೋದರು. ದೇವರ ಗದ್ದುಗೆಯ ಮೇಲಿದ್ದ ಬಿಳಿಯ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವನ ಮಡಿಲಿಗೆ ಇಟ್ಟರು.

“ಮುಟ್ಟಿ ನೋಡಪ.”

ಅವನು ಮುಟ್ಟಿದ. ಕೈ ಅಲ್ಲೇ ನಿಂತುಬಿಟ್ಟಿತು. ಆ ಮೆತ್ತನೆಯ ಉಣ್ಣೆ ಅವನ ಕೈಗೆ ಗೊತ್ತಿತ್ತು.

“ನಿಮ್ಮವ್ವ ನೇಯಿಸಿಕೊಟ್ಟದ್ದು. ಯುಗಾದಿ ಮುಂದ ಟಗರಿಗೆ ಕತ್ತರಿ ಹಾಕಿ ಮೈ ಹಗುರ ಮಾಡಿ, ಉಣ್ಣಿ ಇಲ್ಲಿಗೆ ತರ್ತಿದ್ಲು. ದೇವರದು ದೇವರಿಗೇ ಮುಟ್ಟಲಿ ಅಂತ. ನೀನು ಕುರಿ ಹೊಡಕೊಂಡು ದೂರ ಬಯಲಾಗ ಇರ್ತಿದ್ದಿ, ತಿರುಗಿ ಬರೂದ್ರಾಗ ಉಣ್ಣಿ ಮತ್ತ ಬೆಳೆದಿರ್ತಿತ್ತು.”

“ಅಜ್ಜಾ... ನನಗ ಯಾಕ ಹೇಳಲಿಲ್ಲ?”

ಅಜ್ಜಯ್ಯ ಅವನ ತಲೆಯ ಮೇಲೆ ಕೈ ಇಟ್ಟರು. “ಈ ವರ್ಷ ನೀನ ತರ್ತಿ ಅಂತ ಕುಂತಿದ್ದೆ. ನಿನಗ ಗೊತ್ತಿಲ್ಲ ಅನ್ನೋದ ನನಗ ಹೊಳೀಲಿಲ್ಲ. ತಪ್ಪು ನಂದೂ ಐತಿ. ಈಗ ಮರಿ ನೋಡು, ಏಳು.”

ಮೈಲಾರೇಶ್ ಕಂಬಳಿಯಲ್ಲಿ ಮುಖವಿಟ್ಟು ಅತ್ತ. ತಾಯಿ ಸತ್ತಾಗಲೂ ಅತ್ತಿರದವನು. ರೋಜಾ ಪಕ್ಕದಲ್ಲಿ ಕೂತಳು.

ಆಮೇಲೆ ಅವನು ಎದ್ದ. ಅಜ್ಜಯ್ಯ ಕತ್ತರಿಗೆ ಭಂಡಾರ ಹಚ್ಚಿ ಕೊಟ್ಟರು. ರೋಜಾ ಮರಿಯ ತಲೆ ಹಿಡಿದಳು. ಒಂದು ಮಗ್ಗುಲಿನ ಉಣ್ಣೆ ಬಿಳಿಯ ಮಡಿಕೆಯಾಗಿ ಬಟ್ಟೆಯ ಮೇಲೆ ಬಿತ್ತು. ಅಜ್ಜಯ್ಯ ತಣ್ಣೀರು ಸುರಿದರು. ಬಹಳ ಹೊತ್ತಿನ ಮೇಲೆ ಮರಿಯ ಉಸಿರು ನಿಧಾನವಾಯಿತು. ಅದು ಬಾಯಿ ಮುಚ್ಚಿ, ರೋಜಾಳ ಸೀರೆಯ ಸೆರಗನ್ನು ಜಗಿಯಲು ಹಿಡಿಯಿತು.

ಮೈಲಾರೇಶ್ ಅದನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

“ರೋಜಾ.”

ಮೇಡಂ ಎನ್ನದೆ ಅವನು ಕರೆದದ್ದು ಇದೇ ಮೊದಲು.

“ಆ ಹಕ್ಕಿ ಬಿಸಿಲಿಗೆ ಹೊಂದ್ಕೊಳ್ಳಾಕ ಎಷ್ಟು ತಲಿಮಾರು ಬೇಕಾತು ಅಂದಿದ್ದಿ?”

“ಸಾವಿರಾರು.”

“ಅಷ್ಟು ದಿನ ಕಾಯಾಕ ನನ್ನ ಕೈಲಿ ಆಗಂಗಿಲ್ಲ.”

ಅವಳು ಸೆರಗು ಬಿಡಿಸಿಕೊಳ್ಳಲಿಲ್ಲ. ಮರಿಯನ್ನು ಮೆಲ್ಲಗೆ ತನ್ನ ಕಡೆ ಹೊರಳಿಸಿದಳು.

“ಕಾಯಬ್ಯಾಡ. ಕತ್ತರಿ ಹಿಡಿ, ಇನ್ನೊಂದು ಮಗ್ಗುಲು ಉಳದೈತಿ. ಅದು ಮುಗಿದ ಮ್ಯಾಲೆ ನಮ್ಮಪ್ಪನ್ನ ಕೇಳಾಕ ಹೋಗೋಣು.”