ಕಬ್ಬಿಣ ಮುಟ್ಟಿದ ನಾಲಿಗೆ

“ನಿನ್ನ ತಮ್ಮ ಮೊದಲು ಇದಕ್ಕೆ ನಾಲಿಗೆ ಮುಟ್ಟಿಸ್ಲಿ. ಇಲ್ದಿದ್ರೆ ಈ ಎಂಜಿನ್ನು ನನ್ನ ಶೆಡ್ಡಲ್ಲಿ ಯಾವ ಬೈಕಿಗೂ ಏರೋ ಹಾಗಿಲ್ಲ.”

ಬಾಬಾ ಒಗುನ್‌ದೆಜಿ ಇಷ್ಟು ಹೇಳಿ, ಅಗಿಯುತ್ತಿದ್ದ ಕೋಲಾ ಬೀಜದ ರಸವನ್ನು ಬಾಗಿಲಾಚೆ ಉಗಿದರು. ಅಕಾನ್ಬಿಗೆ ನಗು ತಡೆಯಲಾಗಲಿಲ್ಲ. ಲಾಗೋಸಿನ ದೊಡ್ಡ ಗ್ಯಾರೇಜುಗಳಲ್ಲಿ ಕೈ ಪಳಗಿಸಿಕೊಂಡು, ಮೂರು ತಿಂಗಳ ಹಿಂದಷ್ಟೇ ಹುಟ್ಟೂರು ಒಕೆ-ಇರಿನ್‌ಗೆ ಮರಳಿ, ಬಾಬಾರ ಬೈಕು ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತವನು ಅವನು.

“ನೆಕ್ಕೋಕೆ ಇದೇನು ತಾಳೆಣ್ಣೆ ಹಚ್ಚಿದ ಸುಟ್ಟ ಗೆಣಸಾ ಬಾಬಾ?”

ನಗಬಾರದಿತ್ತು. ಲಾಗೋಸಿನ ನೀರು ಕುಡಿದರೆ ಹುಟ್ಟಿದೂರಿನ ಕಟ್ಟಳೆ ಮರೆತೇ ಹೋಗುತ್ತದೆಯೆ? ಒಗುನ್ ಕಬ್ಬಿಣದ ದೇವರು, ಕಬ್ಬಿಣದ ದೊರೆ. ಚಾಕು, ಗುದ್ದಲಿ, ಬಂದೂಕು, ಬೈಕು ಎಲ್ಲವೂ ಅವನ ಮಕ್ಕಳು. ಹಳೆಯ ಎಂಜಿನ್ನೊಂದು ಬೇರೆ ಬೈಕಿನ ಮೈ ಹೊಗುವ ಮುನ್ನ, ತಂದವನು ಒಗುನ್‌ನ ಕಲ್ಲಿನೆದುರು ಅದಕ್ಕೆ ನಾಲಿಗೆ ಮುಟ್ಟಿಸಿ ಎಲ್ಲಿಂದ ತಂದೆನೆಂದು ಹೇಳಬೇಕು. ನಿಜ ಹೇಳಿದರೆ ಬಾಬಾ ಬಸವನಹುಳುವಿನ ಚಿಪ್ಪೊಡೆದು ಅದರ ತಣ್ಣನೆಯ ರಸವನ್ನು ಎಂಜಿನ್ ಮೇಲೆ ಸುರಿದು, “ತಂಪಾಗು” ಎನ್ನುತ್ತಾರೆ. ಸುಳ್ಳು ಹೇಳಿದವನ ಗತಿಯನ್ನು ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಎಂಜಿನ್ ತಂದವನು ಅಕಾನ್ಬಿಯ ತಮ್ಮ ಸಿಜು. ಬಾಡಿಗೆ ಬೈಕು ಓಡಿಸುವುದು ಅವನ ಹೊಟ್ಟೆಪಾಡು. ಅವನದು ಪುಟ್ಟ ಗಾಡಿ; ಸಂತೆಗುಡ್ಡದ ಏರಿನಲ್ಲಿ ಕೆಮ್ಮುತ್ತ ನಿಂತುಬಿಡುತ್ತಿತ್ತು. ಹಿಂದೆ ಕೂತ ಹೆಂಗಸರು ಇಳಿದು, ಬೈಯುತ್ತ ತಳ್ಳಬೇಕಿತ್ತು. ಜೊತೆಯವರು ಅದಕ್ಕೆ ‘ಮುದಿಮೇಕೆ’ ಎಂದು ಹೆಸರಿಟ್ಟಿದ್ದರು. ತಾಯಿ ತೀರಿಕೊಂಡಾಗ ಸಿಜುಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಸಾಕಿದವನು ಅಕಾನ್ಬಿ. ಆ ತಮ್ಮನನ್ನು ಊರು ಆಡಿಕೊಂಡು ನಗುವುದನ್ನು ಅವನು ನೋಡಲಾರ. “ದೊಡ್ಡ ಎಂಜಿನ್ ಒಂದು ತಾ. ಎಲ್ಲಿಂದಾದ್ರೂ ತಾ. ಮಿಕ್ಕಿದ್ದು ನನಗೆ ಬಿಡು” ಎಂದು ಬಂದ ದಿನವೇ ಹೇಳಿದ್ದ. ಸಿಜು ತಂದಿದ್ದ. ಗೋಣಿಯಲ್ಲಿ ಸುತ್ತಿ ತಂದಿದ್ದ.

“ಹುಡುಗಾಟ ಬೇಡ ಕಣೋ,” ಎಂದರು ಬಾಬಾ. ಅವರ ದನಿ ತಗ್ಗಿತು. “ಇಗ್ಬೊಪೆ ಕಡೆ ಲಾಸಿಸಿ ಅನ್ನೋ ಬಾಡಿಗೆ ಹುಡುಗನ್ನ ಯಾರೋ ಕೊಂದು ಗಾಡಿ ಹೊಡ್ಕೊಂಡು ಹೋಗವ್ರೆ. ಹೆಣ ಇವತ್ತಿಗೂ ಸಿಕ್ಕಿಲ್ಲ. ಅವನ ತಾಯಿ ಒಗುನ್‌ಗೆ ನಾಯಿತಲೆ ಬಲಿ ಕೊಟ್ಟು ಆ ಗಾಡಿ ಕಬ್ಬಿಣಕ್ಕೇ ಮಾಟ ಮಾಡ್ಸವ್ಳೆ. ‘ನನ್ನ ಮಗನ್ನ ಎಲ್ಲಿ ಬಿಸಾಕಿ ಬಂದ್ರೋ, ಅವರನ್ನ ಅಲ್ಲಿಗೇ ಹೊತ್ಕೊಂಡು ಹೋಗು’ ಅಂತ. ಎಲ್ಲಾ ಶೆಡ್ಡಿಗೂ ಸುದ್ದಿ ಮುಟ್ಟೈತೆ. ಕೈ ಇಟ್ಟು ನೋಡು. ಬೆಳಗಿಂದ ನೆರಳಲ್ಲಿ ಬಿದ್ದಿರೋ ಕಬ್ಬಿಣ ಯಾಕೋ ಬಿಸಿ ಐತೆ?”

ಅಕಾನ್ಬಿ ಕೈ ಇಟ್ಟ. ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗಿತ್ತು. “ಸೆಖೆಗೆ ಬಾಬಾ, ಸೆಖೆಗೆ,” ಎಂದ. “ಸಿಜು, ಬಾರೋ, ನೆಕ್ಕಿ ಮುಗ್ಸು. ಮುದುಕರ ಸಮಾಧಾನಕ್ಕೆ.”

ಸಿಜು ಬಾಗಿಲಲ್ಲೇ ನಿಂತಿದ್ದ. ಮುಖ ಬೂದಿ ಬಳಿದಂತಾಗಿತ್ತು. “ನಾಲಿಗೆ ಮೇಲೆ ಹುಣ್ಣಾಗೈತೆ ಅಣ್ಣ. ಲಾಗೋಸಿನ ಗುಜರಿಯಿಂದ ತಂದೆ ಅಂತ ಹೇಳಿದೀನಲ್ಲ, ಸಾಲದಾ?”

“ಹುಣ್ಣು!” ಬಾಬಾ ಎದ್ದು ನಿಂತರು.

“ಅಯ್ಯೋ, ಸಾಕು ಮಾಡಿ ನಿಮ್ಮ ನಾಟಕ!” ಎಂದು ಅಕಾನ್ಬಿ ಮಂಡಿಯೂರಿ, ಎಂಜಿನ್ನಿನ ಮೇಲೆ ಬಾಗಿ, ನಾಲಿಗೆ ಉದ್ದಕ್ಕೆ ಚಾಚಿ ನೆಕ್ಕಿಯೇ ಬಿಟ್ಟ. ತುಕ್ಕಿನ ರುಚಿಯಲ್ಲ. ಉಪ್ಪುಪ್ಪಾಗಿತ್ತು. “ಕೇಳಪ್ಪಾ ಒಗುನ್! ಇದನ್ನ ತಂದೋನು ನಾನೇ. ಸುಳ್ಳಾದ್ರೆ ಈ ನಾಲಿಗೆ ನೀನೇ ಇಟ್ಕೋ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಬಾ ಬಸವನಹುಳುಗಳಿದ್ದ ಸೋರೆಬುರುಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಹೋದರು. ಎಂಜಿನ್ ತಂಪಾಗದೆ ಉಳಿಯಿತು.

ಅಕಾನ್ಬಿ ಕೆಲಸಕ್ಕಿಳಿದ. ಚಿಕ್ಕ ಮೈಗೆ ದೊಡ್ಡ ಎಂಜಿನ್ನು ಸುಮ್ಮನೆ ಕೂರುವುದಿಲ್ಲ. ಬೈಕಿನ ಹೊಟ್ಟೆಯ ಕೊಳವೆಯನ್ನು ಕೊಯ್ದ. ದಪ್ಪ ತಗಡಿನ ಹೊಸ ಹಿಡಿಕೆಗಳನ್ನು ಬೆಸುಗೆ ಹಾಕಿದ. ಚೈನು ನೇರ ಬರಲೆಂದು ಹಲ್ಲುಚಕ್ರಕ್ಕೆ ಬಿಲ್ಲೆ ಕೊಟ್ಟ. ಹೊರಗೆ ಸಹರಾದ ಒಣಗಾಳಿ ಧೂಳೆಬ್ಬಿಸಿ ಹಗಲನ್ನೇ ಮಂಕು ಮಾಡಿತ್ತು. ಒಳಗೆ ಬೆಸುಗೆಯ ಹೊಗೆ. ಆ ಹೊಗೆಯಲ್ಲಿ ಬಣ್ಣ ಸುಟ್ಟ ವಾಸನೆಯ ಜೊತೆ ಇನ್ನೊಂದು ವಾಸನೆ, ಕೂದಲು ಸುಟ್ಟದ್ದು. ಸ್ಪ್ಯಾನರ್ ಜಾರಿ ಬೆರಳು ಸೀಳಿತು. ಎಂಜಿನ್ನಿನ ಮೇಲೆ ಬಿದ್ದ ನೆತ್ತರು ಅಲ್ಲೇ ಇಂಗಿಹೋಯಿತು. ಒರೆಸಲೆಂದು ಬಟ್ಟೆ ತಂದ ಅಕಾನ್ಬಿ ಒರೆಸುವುದಕ್ಕೆ ಏನೂ ಇಲ್ಲದ್ದನ್ನು ಕಂಡು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

ಹೊತ್ತು ಮುಳುಗುವ ವೇಳೆಗೆ ಗಾಡಿ ಸಿದ್ಧವಾಯಿತು. ಒಂದೇ ಒದೆತಕ್ಕೆ ಎಂಜಿನ್ ಗುಡುಗಿತು.

“ಹತ್ತೋ, ಮುದಿಮೇಕೆಗೆ ಚಿರತೆ ಗುಂಡಿಗೆ ಇಟ್ಟಿದೀನಿ!”

ಸಿಜು ಹಿಂಜರಿದ. ಅಣ್ಣ ಬಿಡಲಿಲ್ಲ; ಅವನನ್ನು ಹಿಂದೆ ಕೂರಿಸಿಕೊಂಡು ತಾನೇ ಓಡಿಸಿದ. ಸಂತೆಗುಡ್ಡದ ಏರನ್ನು ಬೈಕು ಬಾಣದಂತೆ ಏರಿತು. ಜೋಳ ಸುಡುತ್ತಿದ್ದ ಹೆಂಗಸರು ಬಾಯಿ ತೆರೆದು ನೋಡಿದರು. ಸಿಜು ಕೂಡ ನಕ್ಕ, ಎಷ್ಟೋ ದಿನದ ಮೇಲೆ ನಕ್ಕ. ಅಕಾನ್ಬಿಯ ಎದೆ ತುಂಬಿ ಬಂತು. ಇಷ್ಟಕ್ಕೇ ಅಲ್ಲವೇ ಅವನು ಬದುಕಿದ್ದುದು!

ಗುಡ್ಡದ ನೆತ್ತಿಯಲ್ಲಿ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜತೊಡಗಿತು. ಕರ್ ಕರ್ ಕರ್. ಅಕಾನ್ಬಿಗೆ ಆ ಸದ್ದು ಗೊತ್ತು. ಇಬ್ಬರು ಕೂತ ಗಾಡಿಗೆ ಮೂರನೆಯವನು ಹತ್ತಿದಾಗ ಸ್ಪ್ರಿಂಗು ಕುಸಿದು ಬರುವ ಸದ್ದು ಅದು.

“ಯಾರನ್ನಾದ್ರೂ ಹತ್ತಿಸ್ಕೊಂಡ್ಯೇನೋ?”

ಬೈಕು ತಾನಾಗಿಯೇ ಎಡಕ್ಕೆ ಹೊರಳಿತು, ಹಳೆಯ ಕಲ್ಲುಗಣಿಯ ದಾರಿಗೆ. ಅಕಾನ್ಬಿ ಹ್ಯಾಂಡಲ್ ಎಳೆದ. ಬಗ್ಗಲಿಲ್ಲ. ಕೀಲಿ ತಿರುಗಿಸಿದ. ಎಂಜಿನ್ ಗುಡುಗುತ್ತಲೇ ಇತ್ತು. ಪೆಟ್ರೋಲಿನ ನಲ್ಲಿ ಮುಚ್ಚಿದ. ಗುಡುಗು ಏರಿತು. ಬಗ್ಗಿ ಪ್ಲಗ್ಗಿನ ತಂತಿಯನ್ನೇ ಕಿತ್ತು ಬಿಸಾಡಿದ. ಏರಿತು, ಇನ್ನೂ ಏರಿತು. ಕತ್ತಲೆ. ಧೂಳು. ಕೂದಲು ಸುಟ್ಟ ವಾಸನೆ.

“ಅಣ್ಣಾ, ಈ ದಾರಿ ಬೇಡ! ಅಣ್ಣಾ!”

“ಹಾರಿಕೊಳ್ಳೋ!”

“ಆಗ್ತಿಲ್ಲ! ಹಿಂದಿಂದ ತಬ್ಕೊಂಡವ್ನೆ! ಅವನ ಕೈ... ತಣ್ಣಗೈತೆ ಅಣ್ಣಾ!”

“ಯಾರೋ? ಯಾರದು?”

“ಲಾಸಿಸಿ! ನಾನೇ ಹೊಡ್ದೆ. ಬಾಡಿಗೆಗೆ ಅಂತ ಇಲ್ಲಿಗೇ ಕರ್ಕೊಂಬಂದು ಕಲ್ಲಲ್ಲಿ ಹೊಡ್ದೆ. ಎಲ್ಲಿಂದಾದ್ರೂ ತಾ ಅಂದೋನು ನೀನೇ ಅಲ್ವಾ ಅಣ್ಣಾ!”

ಅಕಾನ್ಬಿಯ ಕಿವಿಯಲ್ಲಿ ಆ ಮಾತು ಕಾದ ಸೀಸದಂತೆ ಇಳಿಯಿತು. ಬ್ರೇಕು ಒತ್ತಿದ. ಅದೇ ಹಳೆಯ ಪುಟ್ಟ ಬ್ರೇಕು. ತಂತಿ ಪಟ್ಟೆಂದು ಹರಿಯಿತು. ಮುಂದೆ ನೆಲವಿರಲಿಲ್ಲ.

ಬಿದ್ದರು. ಬಂಡೆ. ಬೆಸುಗೆ ಬಿಟ್ಟಿತು. ಬೈಕಿನ ಮೈ ಎರಡಾಯಿತು. ಎಂಜಿನ್ ಕಿತ್ತುಕೊಂಡು ಹಾರಿತು. ಹಾರಿ ಸಿಜುವಿನ ಎದೆಯ ಮೇಲೆಯೇ ಬಿದ್ದಿತು. ಎಲುಬು ಮುರಿದ ಸದ್ದು ಅಕಾನ್ಬಿಗೆ ಕೇಳಿಸಿತು. ಕೇಳಿಸಿದ ಕ್ಷಣವೇ ಅವನ ಗದ್ದಕ್ಕೆ ಹ್ಯಾಂಡಲ್ ಬಡಿಯಿತು. ಹಲ್ಲು ಕಚ್ಚಿಕೊಂಡವು. ಬಾಯಿತುಂಬ ಬಿಸಿ, ಬಾಯಿತುಂಬ ಉಪ್ಪು.

ತಮ್ಮನ ಹೆಸರು ಕೂಗಿದ. ಬರೀ ನೆತ್ತರು ಬಂತು. ತೆವಳಿದ. ಎಂಜಿನ್ ಇನ್ನೂ ಓಡುತ್ತಿತ್ತು, ಬೈಕಿಲ್ಲದೆ, ಪೆಟ್ರೋಲಿಲ್ಲದೆ, ಸಿಜುವಿನ ಎದೆಯನ್ನು ಅರೆಯುತ್ತ ಓಡುತ್ತಿತ್ತು. ಅಕಾನ್ಬಿ ಎರಡೂ ಕೈಯಿಂದ ಅದನ್ನು ತಳ್ಳಿದ. ಅಂಗೈಯ ಚರ್ಮ ಅಂಟಿಕೊಂಡು ಸುಲಿಯಿತು. ಸಿಜು ಒಮ್ಮೆ “ಅಣ್ಣ” ಎಂದ. ಮತ್ತೆ ಅನ್ನಲಿಲ್ಲ.

ಆಗ ಎಂಜಿನ್ ತಾನಾಗಿಯೇ ನಿಂತಿತು. ಕಾದ ಕಬ್ಬಿಣ ಕತ್ತಲೆಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಅದರ ಮೇಲೆ ಏನೋ ಚುರ್ರೆನ್ನುತ್ತ ಸುಡುತ್ತಿತ್ತು. ಬೆರಳುದ್ದದ ಮಾಂಸದ ತುಂಡು. ಅಕಾನ್ಬಿ ತನ್ನ ಬಾಯೊಳಗೆ ಕೈ ಹಾಕಿ ನೋಡಿಕೊಂಡ. ಅಲ್ಲಿ ನಾಲಿಗೆ ಇರಲಿಲ್ಲ. ಎಂಜಿನ್ನಿನ ಪಕ್ಕದಲ್ಲೇ, ಅಡ್ಡಾದಿಡ್ಡಿ ಒಟ್ಟಿದ ಕಲ್ಲುಗಳ ನಡುವಿನಿಂದ ಬಾಡಿಗೆ ಬೈಕಿನವರು ತೊಡುವ ಕಿತ್ತಳೆ ಬಣ್ಣದ ಅಂಗಿ ಇಣುಕುತ್ತಿತ್ತು. ಅಂಗಿಯೊಳಗೆ ಎಲುಬಿತ್ತು.

ಬೆಳಿಗ್ಗೆ ಕಲ್ಲು ಒಡೆಯುವವರು ಬಂದಾಗ ಇಬ್ಬರು ಸತ್ತವರು, ಒಬ್ಬ ಬದುಕಿದವನು ಸಿಕ್ಕರು. ಬ್ರೇಕು ಸಾಲದೆ ಬೈಕು ಬಿದ್ದಿತೆಂದು ಪೊಲೀಸರು ಹೇಳಿದರು. ಸಿಜುವನ್ನು ಪದ್ಧತಿಯಂತೆ ಮನೆಯಂಗಳದಲ್ಲೇ ಹೂತರು.

ಅಕಾನ್ಬಿಯ ಗಾಯ ಮಾಗಿದ ಮೇಲೆ ಲಾಸಿಸಿಯ ತಾಯಿ ಒಕೆ-ಇರಿನ್‌ಗೆ ಬಂದಳು. ಸಣಕಲು ಹೆಂಗಸು, ಮೈಮೇಲೆ ಮಾಸಿದ ನೀಲಿ ಬಟ್ಟೆ. ಬಾಬಾ ಅವಳನ್ನೂ ಅಕಾನ್ಬಿಯನ್ನೂ ಒಗುನ್‌ನ ಕಲ್ಲಿನೆದುರು ಕೂರಿಸಿದರು. ನಡುವೆ ಎಂಜಿನ್ ಇತ್ತು, ಇನ್ನೂ ಬೆಚ್ಚಗೆ.

“ಮಗ ಸಿಕ್ದ. ಮಣ್ಣು ಮಾಡಿ ಬಂದೆ,” ಎಂದಳು. ಅಳಲಿಲ್ಲ. “ಅವನನ್ನ ಕೊಂದೋರು ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ. ಯಾವನೋ ಗುಜರಿಯೋನು ಮಾರಿದ್ದು ಅಂತಾರೆ ನಿಮ್ಮೂರೋರು. ಇದನ್ನ ತಂದೋರು ಯಾರಪ್ಪ?”

ಊರಿಗೆ ತಿಳಿದದ್ದು ಅಷ್ಟೇ. ಗುಜರಿ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಸತ್ತ ತಮ್ಮನ ಹೆಸರು ಉಳಿಯುತ್ತಿತ್ತು. ಬಾಬಾ ನೆಲ ನೋಡುತ್ತ ಕೂತಿದ್ದರು.

ಅಕಾನ್ಬಿ ಬಾಗಿ, ನಾಲಿಗೆಯಿಲ್ಲದ ಬಾಯನ್ನು ಎಂಜಿನ್ನಿಗೆ ಒತ್ತಿದ. ಕೈ ಎತ್ತಿ, ರಸ್ತೆಯಾಚೆ ತನ್ನ ಮನೆಯಂಗಳದಲ್ಲಿ ಕಾಣುತ್ತಿದ್ದ ಹೊಸ ಗೋರಿಯನ್ನು ತೋರಿಸಿದ. ತಾಯಿ ಅತ್ತ ನೋಡಿ ಎದ್ದು ನಿಂತಳು. ಅವನು ಅವಳ ಸೆರಗು ಹಿಡಿದು ತಡೆದ. ಅದೇ ಬೆರಳನ್ನು ತಿರುಗಿಸಿ ತನ್ನ ಎದೆಗೆ ಇಟ್ಟುಕೊಂಡ.

ಬಾಬಾ ಬಸವನಹುಳುವಿನ ಚಿಪ್ಪೊಡೆದು ರಸ ಸುರಿಯಲು ಕೈ ಚಾಚಿದರು. ಆದರೆ ಅದರ ಅಗತ್ಯ ಬೀಳಲಿಲ್ಲ. ಕಬ್ಬಿಣ ಆಗಲೇ ತಣ್ಣಗಾಗಿತ್ತು.